ಹಳ್ಳ ಅಂದರೆ ಬ್ರೇಕು ಹಾಕಬಾರದು

ಬಾಲಕ್ಕ ಅಂದ ತಕ್ಷಣ ಯಾರೋ ಎಳೆ ಹುಡುಗಿ ಅಂದುಕೊಂಡೀರಿ, ಹುಷಾರು. ಅವಳಿಗೆ ಐವತ್ತಮೂರು ದಾಟಿದೆ, ಎರಡು ಹಲ್ಲು ಕಟ್ಟಿಸಿಕೊಂಡಿದ್ದಾಳೆ, ಕೈ ಒದ್ದೆ ಇದ್ದಾಗ ಕನ್ನಡಕ ಜಾರಿದರೆ ಭುಜದಿಂದಲೇ ಒತ್ತಿ ಮೇಲೇರಿಸುತ್ತಾಳೆ. ಅವಳ ಹೆಸರಿನಲ್ಲಿರುವ ಬಾಲ ಹಸುವಿಗೆ ಹಿಂದುಗಡೆ ಇರುತ್ತದಲ್ಲ, ಆ ಬಾಲ. ಭಾನುವಾರ ಭಾನುವಾರ ಸೈಕಲ್ ಹತ್ತಿ ಊರಾಚೆ ಹೋಗುವ ಹೆಂಗಸರ ಗುಂಪೊಂದಿದೆ. ಆ ಸಾಲಿನ ಕಟ್ಟಕಡೆಯ ಸೈಕಲ್ಲು ಹನ್ನೆರಡು ವರ್ಷದಿಂದ ಅವಳದ್ದು. ಅದಕ್ಕೇ ಬಾಲಕ್ಕ. ಅದರಿಂದ ಅವಳಿಗೆ ಬೇಜಾರೇನಿಲ್ಲ, ಕರೆದರೆ ಓ ಅನ್ನುತ್ತಾಳೆ.

ಹಿಂದೆ ಇರುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಐದು ಮಕ್ಕಳಲ್ಲಿ ಕೊನೆಯವಳು; ಮೊದಲನೆಯವಳು ಅಕ್ಕ, ನಡುವೆ ಮೂವರು ಅಣ್ಣಂದಿರು. ಮನೆಯ ಹಳೇ ಫೋಟೋದಲ್ಲಿ ನಾಲ್ವರು ಸಾಲಾಗಿ ನಿಂತಿದ್ದಾರೆ, ಮೂರನೇ ಅಣ್ಣನ ಭುಜದ ಹಿಂದಿನಿಂದ ಒಂದು ಕಿವಿ ಇಣುಕುತ್ತದೆ. ಆ ಕಿವಿ ಇವಳದ್ದು. ಶಾಲೆಯಲ್ಲಿ ಹಿಂದಿನ ಬೆಂಚು. ಕೆಲಸ ಸಿಕ್ಕಿದ್ದೂ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕಡೆ. ಅಲ್ಲಿ ಆಳೆತ್ತರದ ಮೂರು ಯಂತ್ರಗಳು ಬೆಳಗಿನಿಂದ ಸಂಜೆವರೆಗೆ ಗುಡುಗುಡು ಅನ್ನುತ್ತವೆ, ಛಾವಣಿಗೆ ತಾಗಿದ ಕಿಟಕಿಯಲ್ಲಿ ಜನರ ಪಾದ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಿನಕ್ಕೆ ಐನೂರು ಶೀಟು. ಇಬ್ಬರು ಎದುರುಬದುರು ನಿಂತು, ನಾಲ್ಕು ಮೂಲೆ ಹಿಡಿದು, ಜಗ್ಗಿ, ಝಾಡಿಸಿ, ಮಡಿಚಬೇಕು. ಇಪ್ಪತ್ನಾಲ್ಕು ವರ್ಷ ಅದನ್ನೇ ಮಾಡಿದವಳ ಜೊತೆ ಯಾರಾದರೂ ಕೈಕುಲುಕಿದರೆ ಅಮ್ಮಾ ಅನ್ನಬೇಕು, ಆ ಹಿಡಿತ ಹಾಗಿದೆ.

ಸೈಕಲ್ ಸಾಲಿನ ಬಾಲ ಅಂದರೆ ಸುಮ್ಮನೆ ಅಲ್ಲ, ಸ್ವಾಮಿ. ಮುಂದಿರುವವಳಿಗೆ ರಸ್ತೆ ಒಂದನ್ನೇ ನೋಡುವ ಕೆಲಸ. ಬಾಲಕ್ಕೆ ಎಲ್ಲರನ್ನೂ ನೋಡುವ ಕೆಲಸ. ಯಾರ ಚಕ್ರದಲ್ಲಿ ಗಾಳಿ ಇಳಿಯಿತು, ಯಾರ ಕೈಗವಸು ಬಿತ್ತು, ಯಾರು ನಿನ್ನೆ ಗಂಡನ ಜೊತೆ ಜಗಳ ಆಡಿ ಇವತ್ತು ಪೆಡಲ್ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ, ಎಲ್ಲವೂ ಬೆನ್ನು ನೋಡಿದರೇ ಅವಳಿಗೆ ಗೊತ್ತಾಗುತ್ತದೆ. ಅವಳ ಚೀಲದಲ್ಲಿ ಪಂಪು, ಪಂಕ್ಚರಿನ ಅಂಟು, ಬಿಸ್ಕತ್ತು, ಒಂದು ಜೊತೆ ಒಣ ಕಾಲುಚೀಲ. ಸುಸ್ತಾಗಿ ಹಿಂದೆ ಬಿದ್ದವರ ಪಕ್ಕದಲ್ಲೇ ತುಳಿಯುತ್ತ, "ಅಲ್ನೋಡು, ಆ ಮರದ ತನಕ ಅಷ್ಟೇ" ಅನ್ನುತ್ತಾಳೆ. ಮರ ದಾಟಿದ ಮೇಲೆ ಇನ್ನೊಂದು ಮರ ತೋರಿಸುತ್ತಾಳೆ. ಎಷ್ಟು ಹೆಂಗಸರು ಹೀಗೆ ಮರ ಎಣಿಸಿಕೊಂಡೇ ಮನೆ ಸೇರಿದ್ದಾರೋ ಲೆಕ್ಕವಿಲ್ಲ.

ಈ ಗುಂಪನ್ನು ಕಟ್ಟಿದವಳು ಬಾಲಕ್ಕನ ಸ್ವಂತ ಅಕ್ಕ, ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೂವತ್ತೊಂದು ವರ್ಷ ಸೈಕಲ್ ಮೇಲೆ ಮನೆಮನೆಗೆ ಅಂಚೆ ಹಂಚಿದ ಹೆಂಗಸು. ಬಾಗಿಲಲ್ಲಿ ಕಾಗದ ಇಸಿದುಕೊಂಡ ಹೆಂಗಸರೆಲ್ಲ "ನಿಮ್ಮದೇ ಪುಣ್ಯ ರೀ, ಆರಾಮಾಗಿ ಸುತ್ತಾಡ್ತೀರಿ" ಅನ್ನುತ್ತಿದ್ದರಂತೆ. ಅಂದವರಿಗೆಲ್ಲ "ಹಾಗಾದ್ರೆ ಭಾನುವಾರ ಬನ್ನಿ" ಅಂದಳು. ಮೊದಲ ವಾರ ಐದು ಜನ, ಈಗ ಹದಿನಾಲ್ಕು. ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಾರೆ. ಮಾತು ಜೋರು, ನಡಿಗೆ ಜೋರು. ಲಕೋಟೆಯನ್ನು ಕೈಯಲ್ಲಿ ಹಿಡಿದರೆ ಒಳಗೆ ಒಳ್ಳೆಯ ಸುದ್ದಿ ಇದೆಯೋ ಕೆಟ್ಟದ್ದೋ ಹೇಳಿಬಿಡುತ್ತಾಳೆ, ಅಂಥವಳು.

ಸಾಲಿನಲ್ಲಿ ಹೋಗುವಾಗ ಕೂಗು ಹಾಕುವ ಪದ್ಧತಿಯನ್ನು ತಂದವಳೂ ಅವಳೇ. ಮುಂದಿನವಳು ಕೂಗಬೇಕು, ಅವಳ ಹಿಂದಿನವಳು ಅದನ್ನೇ ಕೂಗಬೇಕು, ಹೀಗೆ ಬಾಯಿಂದ ಬಾಯಿಗೆ ಬಾಲದ ತನಕ. ಎದುರಿಗೆ ಲಾರಿ ಕಂಡರೆ "ಗಾಡಿ!" ನಿಲ್ಲಬೇಕಾದರೆ "ನಿಲ್ಲಿ!" ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ ಮೊದಲು "ಗುಂಡಿ!" ಅಂತಲೇ ಇತ್ತು. ಆದರೆ ಗುಂಪಿನಲ್ಲಿ ಒಬ್ಬಳು ಟೈಲರ್ ಇದ್ದಾಳೆ ನೋಡಿ, ಅವಳಿಗೆ ಗುಂಡಿ ಅಂದರೆ ಅಂಗಿಯ ಗುಂಡಿ. ಮೊದಲ ದಿನವೇ ದೊಡ್ಡಕ್ಕ "ಗುಂಡಿ!" ಅಂದಳು, ಟೈಲರಮ್ಮ ಎರಡೂ ಕೈ ಬಿಟ್ಟು ಕೋಟಿನ ಎದೆ ಮುಟ್ಟಿ ನೋಡಿಕೊಂಡಳು, ಗುಂಡಿ ಎಲ್ಲ ನೆಟ್ಟಗಿದ್ದವು, ಅವಳು ಮಾತ್ರ ಹೋಗಿ ಗಣಿತದ ಟೀಚರಮ್ಮನ ಮೇಲೆ ಬಿದ್ದಳು. ಅವತ್ತೇ ಮಾತು ಬದಲಾಯಿತು. "ಗುಂಡಿ ಬೇಡ, ಹಳ್ಳ ಅನ್ನೋಣ. ಹಳ್ಳ ಅಂದ್ರೆ ಎಡಕ್ಕೆ ಸರೀರಿ. ಬ್ರೇಕು ಮಾತ್ರ ಹಾಕಬಾರದು. ಒಬ್ಬಳು ಹಾಕಿದ್ರೆ ಹಿಂದಿನವರೆಲ್ಲ ಬಂದು ಗುದ್ದುತ್ತೀರಿ" ಅಂದಳು ದೊಡ್ಡಕ್ಕ. ಹನ್ನೆರಡು ವರ್ಷ ಯಾರೂ ಆ ನಿಯಮ ಮೀರಲಿಲ್ಲ. ಹಳ್ಳ ಅನ್ನುವ ಮಾತಿಗೆ ಇನ್ನೊಂದು ಅರ್ಥವೂ ಇದೆ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಇವರು ಹೋಗುತ್ತಿದ್ದದ್ದು ಎತ್ತರದ ಡಾಂಬರು ರಸ್ತೆಯಲ್ಲಿ; ಅಲ್ಲಿ ಹರಿಯುವ ನೀರು ಎಲ್ಲಿಂದ ಬರಬೇಕು?

ಹೋದ ಚಳಿಗಾಲದಲ್ಲಿ ದೊಡ್ಡಕ್ಕನ ಬಲ ಮಂಡಿಗೆ ಆಪರೇಶನ್ ಆಯಿತು. ಆಪರೇಶನ್ ಚೆನ್ನಾಗೇ ಆಯಿತು. ಚೆನ್ನಾಗಿಲ್ಲದ್ದು ಆಮೇಲಿನದ್ದು. ಎಲ್ಲರೂ ಅವಳಿಗೆ ಕೈ ಕೊಡುವವರೇ, ಕುರ್ಚಿ ಎಳೆಯುವವರೇ. "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಅಂತ ಒಂದು ವರ್ಷ ಕೂರಿಸಿಯೇ ಇಟ್ಟರು. ಜೋರು ಮಾತಿನ ಹೆಂಗಸು ಕಿಟಕಿ ಪಕ್ಕ ಕೂತು ಬೀದಿ ನೋಡುವಂತಾದಳು. ಬಾಲಕ್ಕ ಸಂಜೆ ಕೆಲಸ ಮುಗಿಸಿ ಹೋದರೆ "ಬಂದ್ಯಾ" ಅನ್ನುತ್ತಿದ್ದಳು, ಎದ್ದರೆ "ಹೊರಟ್ಯಾ" ಅನ್ನುತ್ತಿದ್ದಳು, ನಡುವೆ ಮಾತಿಲ್ಲ.

ಒಂದು ಶನಿವಾರ ಹೋದಾಗ ಹಜಾರದಲ್ಲಿ ಅಕ್ಕನ ಸೈಕಲ್ಲು ಒರೆಸಿ ನಿಲ್ಲಿಸಿತ್ತು.

"ನಾಳೆ ಬರ್ತಿದೀನಿ" ಅಂದಳು ದೊಡ್ಡಕ್ಕ. "ಕೆರೆ ಏರಿ ಮೇಲಿನ ಟೀ ಅಂಗಡಿ ತನಕ. ಹನ್ನೊಂದು ಕಿಲೋಮೀಟರು. ವ್ಯಾಯಾಮ ಹೇಳಿಕೊಡೋ ಹುಡುಗಿನೂ ಹೂಂ ಅಂದಿದಾಳೆ."

ಬಾಲಕ್ಕನಿಗೆ ಕುಣಿದಾಡುವಷ್ಟು ಖುಷಿ. ಆದರೆ ಅಕ್ಕನ ಮಾತು ಮುಗಿದಿರಲಿಲ್ಲ.

"ಅಲ್ಲಿ ತನಕ ಹೋದ್ರೆ ಸೈಕಲ್ಲು ನನ್ನದು. ಆಗ್ಲಿಲ್ಲ ಅಂದ್ರೆ ಸೋಮವಾರನೇ ಔಷಧಿ ಅಂಗಡಿಯವರ ಮಗಳಿಗೆ ಕೊಟ್ಬಿಡ್ತೀನಿ. ಅವಳು ಕೇಳಿದಾಳೆ, ನಾನೂ ಮಾತು ಕೊಟ್ಟಿದೀನಿ. ಸುಮ್ನೆ ಕಣ್ಣೆದುರಿಗೆ ಇಟ್ಕೊಂಡು ಹೊಟ್ಟೆ ಉರಿಸಿಕೊಳ್ಳೋದು ನನ್ನ ಕೈಲಾಗಲ್ಲ."

ದೊಡ್ಡಕ್ಕ ಒಂದು ಮಾತು ಅಂದರೆ ಅಂದಳು. ಅದು ಇಡೀ ಊರಿಗೆ ಗೊತ್ತು.

"ಇನ್ನೊಂದು. ಬಾಲದಲ್ಲಿ ನಾನು ಬರ್ತೀನಿ. ಮುಂದೆ ನೀನು ಹೋಗು."

"ನಾನಾ? ಅಕ್ಕ, ನಂಗೆ ಮುಂದೆ ಹೋಗಿ ಅಭ್ಯಾಸನೇ ಇಲ್ಲ! ಟೀಚರಮ್ಮ ಹೋಗ್ಲಿ!"

"ನೀನು ಹಿಂದಿದ್ರೆ ಇಡೀ ದಾರಿ ನನ್ನ ಮಂಡಿ ನೋಡ್ಕೊಂಡೇ ಬರ್ತೀಯ. ಮುಂದೆ ಹೋಗಿ ರಸ್ತೆ ನೋಡು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಕ್ಷೌರದ ಅಂಗಡಿಯವನು, ಬಾಯಿ ಕತ್ತರಿಗಿಂತ ಚುರುಕು. "ನೀನಾ? ಮಾರ್ಕೆಟ್ಟಿಗೆ ಹೋದ್ರೆ ಹೋದ ಬಾಗಿಲಲ್ಲೇ ವಾಪಸ್ ಬರಕ್ಕೆ ಗೊತ್ತಾಗಲ್ಲ ನಿಂಗೆ. ಹದಿನಾಲ್ಕು ಹೆಂಗಸರನ್ನ ಎಲ್ಲಿಗೆ ಒಯ್ದು ಬಿಡ್ತೀಯೋ, ಯಾವುದಕ್ಕೂ ವಿಳಾಸ ಬರೆದು ಜೇಬಲ್ಲಿಟ್ಕೊಳ್ಳಿ ಎಲ್ಲರೂ" ಅಂದ. ಬಾಲಕ್ಕ ಟವೆಲ್ ಸುರುಳಿ ಸುತ್ತಿ ಬೀಸಿದಳು. ಅವನು ತಪ್ಪಿಸಿಕೊಂಡ. ಆಮೇಲೆ ಅವನೇ ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಬ್ರೆಡ್ಡಿನ ಅಂಗಡಿ ಮುಂದೆ ಎಲ್ಲರೂ ಸೇರಿದರು. ರಾತ್ರಿಯಿಡೀ ಮಳೆ ಹೊಯ್ದು ಈಗಷ್ಟೇ ಜಿಟಿಜಿಟಿಗೆ ಇಳಿದಿತ್ತು. ಬಾಯಿ ಬಿಟ್ಟರೆ ಹೊಗೆ. ಉಣ್ಣೆ ಟೋಪಿ, ಮಳೆಕೋಟು, ಅದರ ಮೇಲೊಂದು ಮಳೆಕೋಟು. ಯಾರು ಯಾರೆಂದು ಮೂಗು ನೋಡಿ ಗುರುತಿಸಬೇಕು. ದೊಡ್ಡಕ್ಕ ಬರುವುದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬಾಲಕ್ಕ ಹನ್ನೆರಡು ಜನರನ್ನೂ ಹತ್ತಿರ ಕರೆದಳು.

"ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಎತ್ತರದ ರಸ್ತೆ ಬೇಡ, ಹೊಲದ ಕಡೆ ತಗ್ಗಿನ ರಸ್ತೆಲಿ ಹೋಗೋಣ, ಏರಿಳಿವಿಲ್ಲ. ಒಂದೂವರೆ ಕಿಲೋಮೀಟರಿಗೆ ಒಂದ್ಸಲ ಯಾರಾದ್ರೂ ಏನಾದ್ರೂ ನೆಪ ಹೇಳಿ ನಿಲ್ಲಿ. ಅವಳಿಗೋಸ್ಕರ ನಿಲ್ತಿದೀವಿ ಅಂತ ಗೊತ್ತಾಗಬಾರದು. ಗೊತ್ತಾದ್ರೆ ನನ್ನ ಗತಿ ಮುಗೀತು."

"ಅಷ್ಟೇ ತಾನೇ? ನೆಪ ನಮಗೆ ಬಿಡಿ" ಅಂದಳು ಟೈಲರಮ್ಮ. "ಬಟ್ಟೆ ಹೊಲಿದುಕೊಡೋದು ತಡ ಆದ್ರೆ ನಾನು ಹೇಳೋ ನೆಪ ನೀವು ಕೇಳಿಲ್ಲ."

ದೊಡ್ಡಕ್ಕ ಬಂದಳು, ಎಲ್ಲರನ್ನೂ ಒಂದು ಸುತ್ತು ನೋಡಿದಳು, "ಏನು ಪಿಸಿಪಿಸಿ?" ಅಂದಳು, ಉತ್ತರಕ್ಕೆ ಕಾಯದೆ ಬಾಲದಲ್ಲಿ ಹೋಗಿ ನಿಂತಳು. ಬಾಲಕ್ಕ ಮುಂದೆ ನಿಂತಳು. ಹೊರಟರು.

ಊರು ದಾಟಿದ್ದೇ ಹೊಲಗಳು ಶುರು. ಕೊಯ್ಲಾಗಿ ಬೋಳಾದ ಭೂಮಿ ತುಂಬ ನೀರು ನಿಂತು ಆಕಾಶ ಕೆಳಗೂ ಒಂದಿತ್ತು. ಎಲೆ ಉದುರಿದ ಮರಗಳ ಕೊಂಬೆ ಕೊಂಬೆಗೂ ಹನಿ. ದೂರದಲ್ಲಿ ರೈಲು ಹೋದದ್ದು ಕೇಳಿತು, ಮಂಜಿನಲ್ಲಿ ಕಾಣಲಿಲ್ಲ. ಚಕ್ರಗಳು ಒದ್ದೆ ರಸ್ತೆ ಮೇಲೆ ಸರ್ ಅನ್ನುತ್ತಿದ್ದವು, ಹಿಂದಿನ ಚಕ್ರದ ಕೆಸರು ಪ್ರತಿಯೊಬ್ಬಳ ಬೆನ್ನ ಮೇಲೆ ಕೆಳಗಿನಿಂದ ಮೇಲಕ್ಕೆ ಪಟ್ಟೆ ಎಳೆಯುತ್ತಿತ್ತು. ಇಂಥ ಹವಾಮಾನದಲ್ಲಿ ಬುದ್ಧಿ ಇರುವವರು ಹೊದಿಕೆ ಬಿಟ್ಟು ಏಳುವುದಿಲ್ಲ. ಇವರು ಮಾತ್ರ ಮೂಗು ಕೆಂಪು ಮಾಡಿಕೊಂಡು, ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತ, ನಗುತ್ತ ಹೋಗುತ್ತಿದ್ದರು. ಮನೆಯಲ್ಲಿ ನಗದ ಹೆಂಗಸರೂ ಇಲ್ಲಿ ನಗುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ನೆಪ ನರ್ಸಮ್ಮನದ್ದು: ಕೈಗವಸು ಬಿತ್ತು. ಸರಿ, ಚೆನ್ನಾಗೇ ನಡೆಯಿತು. ಎರಡನೆಯದು ಟೈಲರಮ್ಮನದ್ದು. "ನಿಲ್ಲಿ! ನಿಲ್ಲಿ! ಶೂ ಲೇಸ್ ಬಿಚ್ಚಿದೆ!" ಅಂತ ಇಳಿದು ಬಗ್ಗಿದಳು. ಬಗ್ಗಿದ ಮೇಲೆ ನೆನಪಾಯಿತು, ಅವತ್ತು ಹಾಕಿಕೊಂಡು ಬಂದದ್ದು ಮೊಳಕಾಲುದ್ದದ ರಬ್ಬರ್ ಬೂಟು. ಇಲ್ಲದ ಲೇಸನ್ನು ಎರಡು ನಿಮಿಷ ಕಟ್ಟಿದಳು, ಮಹಾತಾಯಿ. ಹಿಂದಿನಿಂದ ದೊಡ್ಡಕ್ಕ ಸುಮ್ಮನೆ ನೋಡಿದಳು. ಮೂರನೆಯ ಸಲ ಹೂವಿನ ಅಂಗಡಿಯವಳಿಗೆ ಇದ್ದಕ್ಕಿದ್ದಂತೆ ಬಾತುಕೋಳಿಗಳ ಮೇಲೆ ಪ್ರೀತಿ ಉಕ್ಕಿತು. ನಾಲ್ಕನೆಯ ಸಲ ಯಾರ ಸರದಿ ಅಂತ ಗೊಂದಲವಾಗಿ ಇಬ್ಬರು ಒಟ್ಟಿಗೆ "ಚೈನು ಬಿತ್ತು!" ಅಂದುಬಿಟ್ಟರು.

"ಒಂದೇ ಸಲಕ್ಕೆ ಎರಡು ಚೈನಾ?" ಅಂದಳು ದೊಡ್ಡಕ್ಕ. "ಸೈಕಲ್ಲಿಗೂ ಅಂಟುಜಾಡ್ಯ ಶುರುವಾಯ್ತೇನ್ರೇ?"

ಎಲ್ಲರೂ ಹೆಹ್ಹೆಹ್ಹೆ ಅಂದರು. ಬಾಲಕ್ಕ ಅಕ್ಕನ ಮುಖ ನೋಡಿದಳು. ಹೊರಡುವಾಗ ಅರಳಿದ್ದ ಮುಖ ಈಗ ಬಿಗಿದುಕೊಂಡಿತ್ತು, ತುಟಿ ಗೆರೆಯಷ್ಟಾಗಿತ್ತು. ಮಂಡಿ ನೋಯುತ್ತಿದೆ ಅಂದುಕೊಂಡಳು ಬಾಲಕ್ಕ. ಪಾಪ, ಬೆನ್ನು ನೋಡಿ ಎಲ್ಲ ತಿಳಿಯುವವಳಿಗೆ ಎದುರಿನ ಮುಖ ಓದಲು ಬರಲಿಲ್ಲ. ಇನ್ನೂ ಹೆಚ್ಚು ನಿಲ್ಲಬೇಕು ಅಂತ ಟೀಚರಮ್ಮನಿಗೆ ಕಣ್ಸನ್ನೆ ಮಾಡಿದಳು. ಐದನೆಯ ಸಲ ನಿಂತರು. ಆಮೇಲೆ ಅವಳು ರಸ್ತೆ ನೋಡುವುದನ್ನೇ ಬಿಟ್ಟಳು ಅನ್ನಿ. ಹತ್ತು ಸಲ ಪೆಡಲ್ ತುಳಿದರೆ ಒಂದು ಸಲ ಹಿಂತಿರುಗಿ ನೋಡುವುದು, ಹನ್ನೆರಡು ತಲೆಗಳಾಚೆ ಅಕ್ಕನ ಹಳದಿ ಟೋಪಿ ಹುಡುಕುವುದು, ಸೈಕಲ್ಲು ಓಲಾಡುವುದು.

ಹಾಗೆ ಒಂದು ಸಲ ಹಿಂತಿರುಗಿ, ಟೋಪಿ ಕಂಡು, ಸಮಾಧಾನವಾಗಿ ಮುಂದೆ ತಿರುಗಿದಳು ನೋಡಿ, ರಸ್ತೆಯೇ ಇಲ್ಲ! ಹೊಲಗಳ ನೀರೆಲ್ಲ ಒಂದಾಗಿ, ರಸ್ತೆ ಹಾರಿ, ಬಲದಿಂದ ಎಡಕ್ಕೆ ಕಂದು ಬಣ್ಣದಲ್ಲಿ ಬುಳುಬುಳು ಹರಿಯುತ್ತಿದೆ. ಅಪ್ಪಟ ಹಳ್ಳ. ಬಾಲಕ್ಕನ ಜೀವ ಬಾಯಿಗೆ ಬಂತು, ಬಾಯಿಗೆ ಆ ಮಾತೂ ಬಂತು.

"ಹಳ್ಳ!"

ಹಿಂದಿನವಳು "ಹಳ್ಳ!" ಅಂದಳು. ಅವಳ ಹಿಂದಿನವಳು "ಹಳ್ಳ!" ಬಾಯಿಂದ ಬಾಯಿಗೆ ಹನ್ನೆರಡು ವರ್ಷದ ಅಭ್ಯಾಸ ಓಡಿತು. ಹಳ್ಳ ಅಂದರೆ ಏನು? ಎಡಕ್ಕೆ ಸರಿಯಬೇಕು. ಬ್ರೇಕು? ಹಾಕಬಾರದು! ಇಡೀ ಸಾಲು ಒಬ್ಬಳೇ ಹೆಂಗಸಿನ ಹಾಗೆ ಎಡಕ್ಕೆ ಸರಿಯಿತು. ನೀರು ಆಳವಿದ್ದದ್ದು, ಕೆಸರು ಇದ್ದದ್ದು ಸರಿಯಾಗಿ ಎಡಕ್ಕೇ. ಮೊದಲು ಬಾಲಕ್ಕ ದುಡುಂ. ಅವಳ ಹಿಂದೆ ಟೀಚರಮ್ಮ, ಮೂವತ್ತು ವರ್ಷ ಮಕ್ಕಳಿಗೆ ಯೋಚನೆ ಮಾಡಿ ಹೆಜ್ಜೆ ಇಡಿ ಅಂದವಳು, ಒಂದು ಚೂರೂ ಯೋಚಿಸದೆ ದುಡುಂ. ನರ್ಸಮ್ಮ ದುಡುಂ. ಟೈಲರಮ್ಮನ ಬೂಟಿನೊಳಗೆ ನೀರು ನುಗ್ಗಿ ಅವಳು ನೀರಿಗಿಳಿದ ಕೊಡದ ಹಾಗೆ ಗುಳುಗುಳು ಅಂದಳು. ಒಬ್ಬಳಾದರೂ ಬ್ರೇಕು ಹಾಕಿದಳಾ ಅಂದರೆ ಇಲ್ಲ, ಅಂಥ ಶಿಸ್ತು! ಸೈನ್ಯದಲ್ಲೂ ಸಿಗಲಿಕ್ಕಿಲ್ಲ. ಕೊನೆಗೆ ಆ ನಿಯಮ ಮಾಡಿದ ದೊಡ್ಡಕ್ಕನೇ, ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ನಿಯಮದಂತೆಯೇ ಎಡಕ್ಕೆ ಸರಿದು, ಎಲ್ಲರಿಗಿಂತ ದೊಡ್ಡ ಸದ್ದು ಮಾಡಿ ಬಿದ್ದಳು.

"ಅಕ್ಕಾ! ಮಂಡಿ!"

ಬಾಲಕ್ಕ ಸೈಕಲ್ಲನ್ನು ಅಲ್ಲೇ ಎಸೆದು ನೀರಲ್ಲಿ ಎದ್ದು ಬಿದ್ದು ಓಡಿದಳು. ದೊಡ್ಡಕ್ಕ ಸೊಂಟದವರೆಗೆ ನೀರಲ್ಲಿ ಕೂತಿದ್ದಳು, ಟೋಪಿ ಕಿವಿಯ ಮೇಲೆ ವಾಲಿತ್ತು. ನರ್ಸಮ್ಮ ನೀರೊಳಗೆ ಕೈ ಹಾಕಿ ಮಂಡಿ ಒತ್ತಿ, ಮಡಿಚಿ, ಚಾಚಿ ನೋಡಿದಳು. "ಏನೂ ಆಗಿಲ್ಲ. ಕೆಸರು ಮೆತ್ತಗಿತ್ತು" ಅಂದಳು.

ಮೊದಲು ಟೀಚರಮ್ಮ ಮೂಗಲ್ಲಿ ಕಿಸಕ್ಕಂದಳು. "ಹಳ್ಳ ಅಂದ್ರೆ... ಹಳ್ಳ! ನಿಜವಾದ ಹಳ್ಳ!" ಅಷ್ಟೇ ಸಾಕಾಯಿತು. ಹದಿಮೂರು ಜನ ಬಿದ್ದೂ ಬಿದ್ದೂ ನಕ್ಕರು, ಹೇಗೂ ಬಿದ್ದಾಗಿತ್ತಲ್ಲ. ಬಾಲಕ್ಕನೂ ಅಳು ನಗು ಎರಡೂ ಸೇರಿಸಿ ನಕ್ಕಳು. ನಗದವಳು ದೊಡ್ಡಕ್ಕ ಒಬ್ಬಳೇ. ಅವಳು ಎದ್ದು, ಟೋಪಿ ಹಿಂಡಿ ಹಾಕಿಕೊಂಡು, ಸೈಕಲ್ಲನ್ನು ರಸ್ತೆಗೆ ಎಳೆದು, ಬಂದ ದಾರಿಯ ಕಡೆ ತಿರುಗಿಸಿ ನಿಲ್ಲಿಸಿದಳು.

"ನಾನು ವಾಪಸ್ ಹೋಗ್ತೀನಿ."

"ಯಾಕಕ್ಕ? ಮಂಡಿ ನೋವಾ?"

"ಮಂಡಿ ಕಲ್ಲಿನ ಹಾಗಿದೆ ಕಣೇ!" ದೊಡ್ಡಕ್ಕನ ದನಿ ಒಂದು ವರ್ಷದ ಮೇಲೆ ಜೋರಾಯಿತು. "ಏಳು ಕಿಲೋಮೀಟರಿಗೆ ಐದು ಸಲ ನಿಂತ್ವಿ. ರಬ್ಬರ್ ಬೂಟಿಗೆ ಲೇಸು! ನಾನೇನು ಎಳೇ ಮಗುನಾ? ಬಿದ್ದಿದ್ದಕ್ಕೆ ನಂಗೆ ಒಂಚೂರೂ ನೋವಾಗ್ಲಿಲ್ಲ. ನಿಲ್ಸಿ ನಿಲ್ಸಿ ಕರ್ಕೊಂಡು ಬಂದ್ರಲ್ಲ, ಅದಕ್ಕೆ ನೋವಾಯ್ತು. ಮನೇಲೂ ಇದೇ, ಇಲ್ಲೂ ಇದೇ. ಇದಕ್ಕಿಂತ ಸೈಕಲ್ಲು ಆ ಹುಡುಗಿಗೇ ಕೊಟ್ಟು ಕೂತ್ಕೊಳ್ಳೋದು ವಾಸಿ."

ನಗು ಎಲ್ಲ ನಿಂತುಹೋಯಿತು. ಟೈಲರಮ್ಮ ತನ್ನ ಬೂಟು ನೋಡಿಕೊಂಡಳು. ಬಾಲಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಐವತ್ತಮೂರು ವರ್ಷದಲ್ಲಿ ಒಂದು ದಿನವೂ ಅಕ್ಕನಿಗೆ ಎದುರು ಮಾತಾಡಿದವಳಲ್ಲ. ಅವತ್ತು, ಮೈಯೆಲ್ಲ ಕೆಸರಾಗಿ, ಕನ್ನಡಕದ ಒಂದು ಗಾಜಿನ ಮೇಲೆ ಹುಲ್ಲು ಅಂಟಿಕೊಂಡು ನಿಂತಿದ್ದಾಗ, ಅವಳಿಗೂ ಸಿಟ್ಟು ಬಂತು.

"ಹೋಗು! ಹೋಗೋದಾದ್ರೆ ಹೋಗು! ನಂಗೇನು ನಿನ್ನ ಮಂಡಿದು ಚಿಂತೆ ಅಂದ್ಕೊಂಡ್ಯಾ? ಮಂಡಿ ಮನೆ ಹಾಳಾಗ್ಲಿ! ಸೈಕಲ್ ಕೊಟ್ಟು ನೀನು ಮತ್ತೆ ಆ ಕಿಟಕಿ ಹತ್ರ ಕೂತ್ಕೊಂಡ್ರೆ ನಾನು ಯಾರ ಹತ್ರ ಬೈಸಿಕೊಳ್ಳಲಿ? ಒಂದು ವರ್ಷ ಆಯ್ತು ನೀನು ನನ್ನ ಬೈದು! ಸಂಜೆ ನಿಮ್ಮನೆಯಿಂದ ಹೊರಟ್ರೆ ದಾರಿಯಲ್ಲಿ ಅಳ್ತಾ ಹೋಗ್ತೀನಿ ಕಣೇ ನಾನು, ಬೀದಿ ಜನ ಎಲ್ಲ ನೋಡ್ತಾರೆ!"

ಕಣೇ ಅಂದುಬಿಟ್ಟಿದ್ದಳು, ದೊಡ್ಡಕ್ಕನಿಗೆ. ಹನ್ನೆರಡು ಜನ ಉಸಿರು ಬಿಗಿಹಿಡಿದರು.

"ತಪ್ಪಾಯ್ತು. ನಿಲ್ಸಿದ್ದು ನಾನೇ, ಇವರದ್ದೇನೂ ಇಲ್ಲ" ಅಂದಳು ಬಾಲಕ್ಕ, ಕನ್ನಡಕ ಒರೆಸಿಕೊಳ್ಳುತ್ತ. "ಇನ್ನು ನಿಲ್ಲಲ್ಲ. ಇನ್ನು ನಾಲ್ಕು ಕಿಲೋಮೀಟರು ಇದೆ. ನನ್ನ ಕೈಲಾದಷ್ಟು ಜೋರಾಗಿ ಹೋಗ್ತೀನಿ, ಹಿಂತಿರುಗಿ ನೋಡಲ್ಲ. ಬಂದ್ರೆ ಬಾ, ಬಿಟ್ರೆ ಬಿಡು."

ಹಳ್ಳದಿಂದ ಸೈಕಲ್ಲು ಎತ್ತಿ, ಆಚೆ ದಡಕ್ಕೆ ತಳ್ಳಿ, ಹತ್ತಿ ಹೊರಟೇಬಿಟ್ಟಳು.

ಹಿಂತಿರುಗದೆ ಹೋಗುವುದು ಅವಳ ಜೀವಮಾನದ ದೊಡ್ಡ ಕಷ್ಟ, ನಾನು ಹೇಳುತ್ತೇನೆ ಕೇಳಿ. ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ಹಲ್ಲು ಕಚ್ಚಿ ಮುಂದಕ್ಕೆ ತರುತ್ತಿದ್ದಳು. ಬರುತ್ತಿದ್ದಾಳಾ? ಹೋದಳಾ? ಮೊದಮೊದಲು ಏನೂ ಕೇಳಿಸಲಿಲ್ಲ, ತನ್ನ ಶೂವಿನ ಪಚಪಚ ಬಿಟ್ಟರೆ. ಆಮೇಲೆ ಹಿಂದೆ ಚಕ್ರಗಳ ಸದ್ದು ಬಂತು, ಎಷ್ಟು ಚಕ್ರ ಅಂತ ಮಾತ್ರ ಗೊತ್ತಾಗಲಿಲ್ಲ. ಹನ್ನೆರಡು ವರ್ಷ ಹದಿಮೂರು ಬೆನ್ನುಗಳ ಆಚೆ ಏನಿದೆ ಅಂತ ಅವಳು ನೋಡಿಯೇ ಇರಲಿಲ್ಲ. ಇವತ್ತು ಎದುರಿಗೆ ಯಾರ ಬೆನ್ನೂ ಇಲ್ಲ. ಮಂಜು ಎರಡು ಕಡೆ ಸರಿದು ರಸ್ತೆ ಅವಳಿಗಾಗಿಯೇ ಬಿಚ್ಚಿಕೊಳ್ಳುತ್ತಿತ್ತು, ಬೇಲಿಯಿಂದ ಹಕ್ಕಿಗಳು ಪುರ್ ಅಂತ ಎದ್ದವು, ಗಾಳಿ ನೇರ ಹಲ್ಲಿಗೆ ಬಡಿಯಿತು. ಅಯ್ಯೋ, ಎಷ್ಟು ಚೆನ್ನಾಗಿದೆ! ಅಕ್ಕನ ಚಿಂತೆಯ ನಡುವೆಯೂ ಖುಷಿ ಒದ್ದುಕೊಂಡು ಬಂತು. ಇಷ್ಟು ದೊಡ್ಡ ಆಕಾಶವನ್ನು ಇವರೆಲ್ಲ ನನಗೆ ಹೇಳದೆ ಇಟ್ಟುಕೊಂಡಿದ್ದರಲ್ಲ ಅನಿಸಿ ಜೋರಾಗಿ ನಕ್ಕಳು, ಇನ್ನೂ ಜೋರಾಗಿ ತುಳಿದಳು.

ಕೆರೆ ಏರಿಯ ಬುಡಕ್ಕೆ ಬಂದಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಂದ ಟೀ ಅಂಗಡಿಗೆ ಇನ್ನೂರು ಗಜ, ಪೂರ್ತಿ ಏರು. ಒಲೆಯ ಹೊಗೆ ಕಾಣುತ್ತಿತ್ತು. ಆಗ ಅವಳ ಬಲಗಡೆಗೆ ಒಂದು ಮುಂಚಕ್ರ ಬಂತು. ಕೆಸರು ಮೆತ್ತಿದ ಚಕ್ರ, ಅದರ ಮೇಲೊಂದು ಕೆಸರು ಮೆತ್ತಿದ ಬೂಟು, ಅದರ ಮೇಲೆ ಹಳದಿ ಟೋಪಿ.

"ದಾರಿ ಬಿಡೇ!" ಅಂದಳು ದೊಡ್ಡಕ್ಕ.

ಬಾಲಕ್ಕನ ಮುಖ ಅರಳಿತು. ಅಕ್ಕ! ಬಂದಿದ್ದಾಳೆ! ಇನ್ನೂರು ಗಜ ಅಷ್ಟೇ, ಸ್ವಲ್ಪ ನಿಧಾನ ಮಾಡಿದರೆ ಅಕ್ಕ ಮೊದಲು ಮುಟ್ಟುತ್ತಾಳೆ, ಎಷ್ಟು ಚಂದ! ಅವಳ ಕೈ ಬ್ರೇಕಿನ ಮೇಲೆ ಹೋಗಿಯೇಬಿಟ್ಟಿತ್ತು. ಪಕ್ಕಕ್ಕೆ ನೋಡಿದಳು. ಅಕ್ಕ ಇವಳ ಮುಖ ನೋಡುತ್ತಿರಲಿಲ್ಲ, ಇವಳ ಕೈಯನ್ನೇ ನೋಡುತ್ತಿದ್ದಳು. ಕಣ್ಣು ಪಿಳುಕಿಸದೆ.

ಬಾಲಕ್ಕ ಕೈ ತೆಗೆದಳು. ಸೀಟಿನಿಂದ ಎದ್ದು ನಿಂತು ತುಳಿದಳು.

ಇಬ್ಬರೂ ಹುಚ್ಚರ ಹಾಗೆ ತುಳಿದರು. ಅರವತ್ತಮೂರು ಒಂದು ಕಡೆ, ಐವತ್ತಮೂರು ಒಂದು ಕಡೆ. ಕೆಳಗಿನಿಂದ ಹನ್ನೆರಡು ಹೆಂಗಸರು ಯಾರ ಪಕ್ಷ ಅಂತ ತಿಳಿಯದೆ ಇಬ್ಬರ ಹೆಸರನ್ನೂ ಕೂಗುತ್ತಿದ್ದರು. ಒಮ್ಮೆ ಅಕ್ಕ ಮುಂದೆ ಬಂದಳು, ಒಂದು ಮೊಳದಷ್ಟು. ಬಾಲಕ್ಕ ಬಿಡಲಿಲ್ಲ. ತೊಡೆ ಉರಿಯಿತು, ಕನ್ನಡಕ ಜಾರಿತು, ಏನೂ ಕಾಣಲಿಲ್ಲ, ಆದರೂ ಬಿಡಲಿಲ್ಲ. ಅಂಗಡಿಯ ಬೆಂಚಿಗೆ ಮೊದಲು ಕೈ ಮುಟ್ಟಿಸಿದವಳು ಬಾಲಕ್ಕ. ಒಂದು ಚಕ್ರದಷ್ಟು ಅಂತರ, ಮೋಸವಿಲ್ಲ, ಮುಲಾಜಿಲ್ಲ.

ದೊಡ್ಡಕ್ಕ ಸೈಕಲ್ಲಿನಿಂದ ಇಳಿದು ಹ್ಯಾಂಡಲ್ ಮೇಲೆ ಬಾಗಿ ಏದುಸಿರು ಬಿಟ್ಟಳು. ತಲೆ ಎತ್ತಿದಾಗ ಮುಖ ಕೆಂಡದ ಹಾಗಿತ್ತು.

"ಸೋತೆ!" ಅಂತ ಕೂಗಿದಳು, ಕೆರೆಯ ಆಚೆ ದಡಕ್ಕೂ ಕೇಳುವ ಹಾಗೆ. "ಸೋತೆ ಕಣ್ರೇ! ನನ್ನ ತಂಗಿ ನನ್ನ ಸೋಲಿಸಿದಳು!"

ಟೀ ಅಂಗಡಿಯಾಕೆ ಕೆಟಲ್ ಹಿಡಿದು ಹೊರಗೆ ಬಂದಳು. ಅಡಿಯಿಂದ ಮುಡಿವರೆಗೆ ಕೆಸರಾದ ಹೆಂಗಸನ್ನು ನೋಡಿ ಅವಳಿಗೆ ಕನಿಕರವಾಯಿತು. "ಪಾಪ, ಹೋಗ್ಲಿ ಬಿಡಿ ಅಮ್ಮ. ಈ ವಯಸ್ಸಲ್ಲಿ ಇಷ್ಟು ಬಂದಿರಲ್ಲ, ಅದೇ ಗೆದ್ದ ಹಾಗೆ."

"ಏನು ಗೆದ್ದ ಹಾಗೆ!" ಅಂದಳು ದೊಡ್ಡಕ್ಕ. "ಒಂದು ವರ್ಷದಿಂದ ಎಲ್ಲರೂ ನನ್ನ ಗೆಲ್ಲಿಸ್ತಾನೇ ಇದ್ರು ರೀ. ಸಾಕಾಗಿಹೋಗಿತ್ತು ನಂಗೆ. ಇವತ್ತು ಸೋತಿದೀನಿ, ನಿಜವಾಗ್ಲೂ ಸೋತಿದೀನಿ. ಕೊಡಿ, ಎರಡು ಬಿಸಿ ಟೀ ಕೊಡಿ."

ಬಾಲಕ್ಕ ಕಣ್ಣೊರೆಸಿಕೊಂಡರೆ ಕೆಸರು ಕಣ್ಣಿಗೇ ಹೋಯಿತು. ದೊಡ್ಡಕ್ಕ ಅವಳ ಪಕ್ಕ ಬೆಂಚಿನ ಮೇಲೆ ಧೊಪ್ಪನೆ ಕೂತಳು. ಯಾರೂ ಕುರ್ಚಿ ಎಳೆದು ಕೊಡಲಿಲ್ಲ, ಯಾರೂ ಕೈ ಕೊಡಲಿಲ್ಲ.

"ಮುಂದಿನ ವಾರನೂ ಸೋಲಿಸ್ತೀನಿ" ಅಂದಳು ಬಾಲಕ್ಕ.

"ಸೋಲಿಸು ನೋಡೋಣ" ಅಂದಳು ಅಕ್ಕ.